ಹೈ ಬಾನೆಟ್, ಎಂಎಂ 540, ಡೀಸೆಲ್ ಕೂರಿಸಿದ ಜೀಪು: ಮೂರನ್ನೂ ಓಡಿಸಿ ನೋಡಿದ ಮೇಲೆ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಳೆಯ ಜೀಪು ಹುಡುಕಿಕೊಂಡು ಹೊರಟವರಿಗೆ ಮೂರು ಬಗೆಯ ಗಾಡಿಗಳು ಕಣ್ಣಿಗೆ ಬೀಳುತ್ತವೆ. ತನ್ನದೇ ಪೆಟ್ರೋಲ್ ಎಂಜಿನ್ ಉಳಿಸಿಕೊಂಡಿರುವ ಸಿಜೆ-3ಬಿ, ಅಂದರೆ ನಮ್ಮವರು ಹೈ ಬಾನೆಟ್ ಎಂದು ಕರೆಯುವ ಜೀಪು ಒಂದು. ಕಾರ್ಖಾನೆಯಿಂದಲೇ ಡೀಸೆಲ್ ಎಂಜಿನ್ ಹೊತ್ತು ಬಂದ ಮಹೀಂದ್ರಾ ಎಂಎಂ 540 ಇನ್ನೊಂದು. ಹೈ ಬಾನೆಟ್ಟಿನ ಪೆಟ್ರೋಲ್ ಎಂಜಿನ್ ಇಳಿಸಿ, ಸಿಕ್ಕಿದ ಡೀಸೆಲ್ ಎಂಜಿನ್ ಕೂರಿಸಿದ್ದು ಮೂರನೆಯದು. ಮೊದಲನೆಯದನ್ನು ನಾನೇ ಬಿಚ್ಚಿ ಜೋಡಿಸಿ ಇಟ್ಟುಕೊಂಡಿದ್ದೇನೆ. ಎರಡನೆಯದು ನನ್ನ ಬಳಿ ಬಹಳ ಕಾಲ ಇದ್ದು ಈಗ ನಮ್ಮ ಭಾವನವರ ಮನೆ ಸೇರಿದೆ. ಮೂರನೆಯದು ಶ್ರೀನಿವಾಸಪುರದ ಗೆಳೆಯರದು. ಮನಸ್ಸಿಗೆ ಬಂದಾಗಲೆಲ್ಲ ಬದಲಾಯಿಸಿಕೊಂಡು ಓಡಿಸಿದ್ದೇವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹುಟ್ಟಿದಾಗಿನ ಎಂಜಿನ್ ಇರುವ ಜೀಪನ್ನೇ ಕೊಳ್ಳಿ. ಪೆಟ್ರೋಲೋ ಡೀಸೆಲೋ ಎಂಬುದು ಆಮೇಲಿನ ಮಾತು.

ಹೈ ಬಾನೆಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಹೀಂದ್ರಾ ಕಂಪನಿ 1947ರಿಂದ ಅಮೆರಿಕದ ವಿಲ್ಲೀಸ್ ಕಂಪನಿಯ ಜೀಪುಗಳನ್ನು ನಮ್ಮ ದೇಶದಲ್ಲಿ ತರುತ್ತಾ, ಜೋಡಿಸುತ್ತಾ ಬಂತು. 1953ರಲ್ಲಿ ವಿಲ್ಲೀಸ್ ಹೊರತಂದ ಸಿಜೆ-3ಬಿ ಅಮೆರಿಕದಲ್ಲಿ ನಿಂತುಹೋದ ಮೇಲೂ ಇಲ್ಲಿ ದಶಕಗಳ ಕಾಲ ನಡೆಯಿತು. ಬಾನೆಟ್ ಎತ್ತರವಾಗಿರುವುದು ಅಂದಕ್ಕಲ್ಲ. ಎರಡನೇ ಮಹಾಯುದ್ಧದ ಕಾಲದ ಜೀಪಿನ ಎಂಜಿನ್ನಿನಲ್ಲಿ ಇಂಧನ ಒಳಬಿಡುವ ಇನ್‌ಲೆಟ್, ಹೊಗೆ ಹೊರಬಿಡುವ ಎಗ್ಸಾಸ್ಟ್, ಎರಡೂ ಬಗೆಯ ವಾಲ್ವ್‌ಗಳು ಕೆಳಗಿನ ಬ್ಲಾಕಿನಲ್ಲೇ ಇದ್ದವು. ಹರಿಕೇನ್ ಎಂಬ ಹೊಸ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವ್ ಮೇಲಕ್ಕೆ ಹೋಗಿ ಹೆಡ್ಡಿನಲ್ಲಿ ಕುಳಿತಿತು, ಎಗ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲೇ ಉಳಿಯಿತು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಿತು. ಸಾಮರ್ಥ್ಯ 2.2 ಲೀಟರ್. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಬರೀ 80 ಅಂಗುಲ ಇರುವುದರಿಂದ ರೇಷ್ಮೆ ತೋಟದ ಕಾಲುದಾರಿಯಲ್ಲೂ ಒಂದೇ ಪಟ್ಟಿಗೆ ತಿರುಗಿ ನಿಲ್ಲುತ್ತದೆ.

ಇದನ್ನು ಓಡಿಸುವುದನ್ನು ಹೊಸದಾಗಿ ಕಲಿಯಬೇಕು. ನೆಲದಲ್ಲಿ ಮೂರು ಕೋಲುಗಳು: ಒಂದು ಗೇರಿನದು, ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವುದು, ಇನ್ನೊಂದು ಹೈ–ಲೋ, ಅಂದರೆ ಮಾಮೂಲಿ ಓಟಕ್ಕೂ ನಿಧಾನವಾದ ಹೆಚ್ಚು ಎಳೆತಕ್ಕೂ ಬದಲಾಯಿಸುವುದು. ಗೇರು ಮೂರೇ. ಮೊದಲನೆಯದಕ್ಕೆ ಸಿಂಕ್ರೊ, ಅಂದರೆ ಗೇರಿನ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಭಾಗ, ಇಲ್ಲ. ಓಡುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಂದು ತುಳಿತ ತುಳಿದು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ಎಂಜಿನ್ನಿನ ಸದ್ದು ಸರಿಯಾದ ಸ್ಥಾಯಿಗೆ ಬಂದ ಕ್ಷಣ ಕೋಲು ತಾನಾಗಿಯೇ ಒಳಗೆ ಜಾರುತ್ತದೆ. ಅವಸರ ಮಾಡಿದರೆ ಹಲ್ಲುಗಳು ಕರಕರ ಅನ್ನುತ್ತವೆ. ನಂದಿಬೆಟ್ಟದ ತಿರುವುಗಳಲ್ಲಿ ಇದನ್ನು ಸರಿಯಾಗಿ ಮಾಡಿದಾಗ ಸಿಗುವ ತೃಪ್ತಿಯನ್ನು ಬೇರೆ ಯಾವ ಗಾಡಿಯೂ ನನಗೆ ಕೊಟ್ಟಿಲ್ಲ.

ಆದರೆ ರಾಷ್ಟ್ರೀಯ ಹೆದ್ದಾರಿ 44ಕ್ಕೆ ಇದು ತಕ್ಕ ಗಾಡಿಯಲ್ಲ. ಆಕ್ಸಲ್ ಅನುಪಾತ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಅದನ್ನು ತಿರುಗಿಸುವ ಶಾಫ್ಟು ಐದಕ್ಕೂ ಹೆಚ್ಚು ಸುತ್ತು ತಿರುಗಬೇಕು; ಗಂಟೆಗೆ 60 ಕಿ.ಮೀ. ದಾಟಿದೊಡನೆ ಎಂಜಿನ್ ಅರಚತೊಡಗುತ್ತದೆ. ಹಾಗಾಗಿ ಲೇಪಾಕ್ಷಿಗೆ ಹೋಗುವಾಗ ನಾನು ಹೆದ್ದಾರಿ ಹಿಡಿಯದೆ ಗೌರಿಬಿದನೂರು, ಹಿಂದೂಪುರದ ದಾರಿಯಲ್ಲಿ ಹೋಗುತ್ತೇನೆ. ನಡುವೆ ವಿದುರಾಶ್ವತ್ಥದಲ್ಲಿ ಇಳಿದು ಎಂಜಿನ್ನಿಗೂ ಸ್ವಲ್ಪ ಬಿಡುವು ಕೊಡಬಹುದು. ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ನಿಗೆ ಇಂಧನ ತಳ್ಳುವ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುವುದುಂಟು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ ಕಾದರೆ ಮತ್ತೆ ಹೊರಡುತ್ತದೆ. ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪು, ಪಂಪಿನೊಳಗಿನ ಡಯಾಫ್ರಮ್ ಎಂಬ ತೆಳು ಪರದೆಗಳನ್ನು ಮೆತ್ತಗೆ ಮಾಡುತ್ತದೆ; ಎಥನಾಲ್ ತಡೆಯುವ ಪೈಪುಗಳನ್ನು ಹಾಕಿಸದೆ ದೂರ ಹೋಗಬೇಡಿ. ಲೀಟರಿಗೆ ನನಗೆ ಎಂಟರ ಆಸುಪಾಸು ಕೊಡುತ್ತದೆ.

ಎಂಎಂ 540 ಇದಕ್ಕಿಂತ ಹನ್ನೊಂದು ಅಂಗುಲ ಉದ್ದದ ವೀಲ್‌ಬೇಸಿನ ಗಾಡಿ. 1980ರ ದಶಕದ್ದು, ಪ್ಯೂಜೊ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್, 62 ಅಶ್ವಶಕ್ತಿ, ನಾಲ್ಕು ಗೇರು. ಚಳಿಗಾಲದ ಬೆಳಗ್ಗೆ ಚಿಕ್ಕಬಳ್ಳಾಪುರದಲ್ಲಿ ಎಂಜಿನ್ ಹೊತ್ತಿಕೊಳ್ಳಲು ನೆರವಾಗುವ ಹೀಟರ್ ಪ್ಲಗ್ ಬಿಸಿಯಾಗುವವರೆಗೆ ತಾಳ್ಮೆಯಿಂದ ಕೂರಬೇಕು, ಅಷ್ಟೇ. ಒಮ್ಮೆ ಹೊತ್ತಿಕೊಂಡರೆ ಇಡೀ ದಿನ ತಕರಾರಿಲ್ಲ. ಮದನಪಲ್ಲಿ ದಾಟಿ ಹಾರ್ಸ್ಲಿ ಬೆಟ್ಟಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋದಾಗ ರೇಡಿಯೇಟರ್ ಮುಳ್ಳು ಏರಲೇ ಇಲ್ಲ. ಲೀಟರಿಗೆ ಹನ್ನೆರಡು ಸಿಗುತ್ತದೆ. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಪಂಪು, ನಾಜಲ್ ಕೆಲಸ ಬಲ್ಲವರು ಚಿಂತಾಮಣಿ, ಕೋಲಾರದಲ್ಲೇ ಇದ್ದಾರೆ. ಹೈ ಬಾನೆಟ್ಟಿನ ಕಾರ್ಬೊರೇಟರನ್ನು ಕಿವಿಯಿಂದಲೇ ಟ್ಯೂನ್ ಮಾಡಬಲ್ಲ ಹಿರಿಯ ಮೇಸ್ತ್ರಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಪಕ್ಕದಲ್ಲಿ ನಿಂತು ಕಲಿಯಿರಿ ಎಂದು ಕಿರಿಯರಿಗೆ ಕೈಮುಗಿದು ಹೇಳುತ್ತೇನೆ.

ಬೆಟ್ಟದ ವಿಷಯ ಬಂದಿದ್ದರಿಂದ ಒಂದು ಮಾತು. ಆವಲಬೆಟ್ಟದ ಕಡಿದಾದ ರಸ್ತೆಯಲ್ಲಿ ಎಷ್ಟೋ ಜನ ಹೆಮ್ಮೆಯಿಂದ ಫೋರ್ ವೀಲ್ ಹಾಕಿ ಏರುತ್ತಾರೆ. ಮೂರರಲ್ಲಿ ಯಾವ ಜೀಪಿನಲ್ಲೂ ಹಾಗೆ ಮಾಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಸಾಗಬೇಕು. ಎರಡು ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲದ್ದರಿಂದ ಒಣ ರಸ್ತೆಯ ಮೇಲೆ ಆ ಬಿಗಿತವೆಲ್ಲ ಶಾಫ್ಟುಗಳ ಮೇಲೆ ಬೀಳುತ್ತದೆ. ಫೋರ್ ವೀಲ್ ಇರುವುದು ಮರಳಿಗೆ, ಕೆಸರಿಗೆ, ಸಡಿಲ ಮಣ್ಣಿಗೆ. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ, ಡ್ರಮ್ ಬ್ರೇಕುಗಳು ಕಾದರೆ ಹಿಡಿಯುವುದಿಲ್ಲ.

ಇನ್ನು ಮೂರನೆಯದು. ನೋಡಲು ಹೈ ಬಾನೆಟ್, ಖರ್ಚಿನಲ್ಲಿ ಡೀಸೆಲ್. ಎರಡರ ಲಾಭವೂ ಸಿಕ್ಕಂತೆ ಕಾಣುತ್ತದೆ. ಓಡಿಸಿದರೆ ತಿಳಿಯುತ್ತದೆ. ಭಾರದ ಡೀಸೆಲ್ ಎಂಜಿನ್ನಿಗೆ ಮುಂದಿನ ಲೀಫ್ ಸ್ಪ್ರಿಂಗುಗಳು ಕುಸಿದಿವೆ. ಎಂಜಿನ್ ನಿಂತಿರುವುದು ವೆಲ್ಡಿಂಗ್ ಮಾಡಿದ ಬ್ರಾಕೆಟ್ಟಿನ ಮೇಲೆ, ಅದರ ನಡುಕ ಸೀಟಿನವರೆಗೂ ಬರುತ್ತದೆ. ಅವಣಿಗೆ ಹೋಗಿ ಬಂದ ಮೇಲೆ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಬೇಕಾಯಿತು. ಇದಕ್ಕಿಂತ ದೊಡ್ಡ ತೊಂದರೆ ಕಾಗದಪತ್ರದ್ದು. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನ ಕೆಳಗೆ ಡೀಸೆಲ್ ಇದ್ದರೆ, ಅನುಮತಿ ಇಲ್ಲದ ಆ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. ಆರ್‌ಸಿ ನವೀಕರಣಕ್ಕೆ ಹೋದಾಗ ತಡೆ, ಅಪಘಾತವಾದರೆ ವಿಮೆಯವರ ಆಕ್ಷೇಪ. ಗೆಳೆಯರಿಗೆ ಇದನ್ನು ಮುಖಕ್ಕೇ ಹೇಳಿದ್ದೇನೆ. ಅವರೀಗ ಶಿವಾಜಿನಗರದ ಗುಜರಿಯಲ್ಲಿ ಹರಿಕೇನ್ ಬ್ಲಾಕ್ ಹುಡುಕುತ್ತಿದ್ದಾರೆ.

50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ನಿತ್ಯ ಓಡಿಸುವಂತಿಲ್ಲ. ಪ್ರವಾಸ ಬೇಕೆನ್ನುವವರು ಸಾಮಾನ್ಯ ಆರ್‌ಸಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವುದು ಒಳ್ಳೆಯದು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಲಘು ವಾಹನಕ್ಕೆ ಆ ಶುಲ್ಕ 10,000 ರೂಪಾಯಿ.

ಮಾರುತಿಯ ಜಿಪ್ಸಿ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಹಗುರ, ಚುರುಕು, ಕೆಸರಿನಲ್ಲಿ ಗಟ್ಟಿಗ. ನಾನೂ ಓಡಿಸಿದ್ದೇನೆ, ಮೆಚ್ಚಿದ್ದೇನೆ. ಆದರೆ ಅದು ಬೇರೆಯದೇ ವಂಶ. ಜೀಪಿನ ಆಸೆ ಅದರಿಂದ ತೀರುವುದಿಲ್ಲ.

ಕೊಳ್ಳುವಾಗ ಎಂಜಿನ್ನಿನ ಸದ್ದಿಗೆ ಮರುಳಾಗದೆ ತಗಡನ್ನು ನೋಡಿ. ಒಂದು ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಮೇಲಿನ ಕಮಾನಿನುದ್ದಕ್ಕೂ ಎಳೆಯಿರಿ. ಎಲ್ಲಿ ಹಿಡಿತ ತಪ್ಪುತ್ತದೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿದೆ. ಮ್ಯಾಟ್ ಎತ್ತಿಸಿ, ಚಾಲಕನ ಕಾಲ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ನಮ್ಮ ಬಯಲುಸೀಮೆಯ ಜೀಪುಗಳಲ್ಲಿ ತುಕ್ಕು ಕಡಿಮೆ. ಮಲೆನಾಡಿನ ಎಸ್ಟೇಟುಗಳಿಂದ, ಕರಾವಳಿಯಿಂದ ಬಂದವು ಮೇಲೆ ಮಿರಮಿರ ಮಿಂಚುತ್ತಿದ್ದರೂ ಅಡಿಯಲ್ಲಿ ಕೈ ಹಾಕಿದರೆ ಪುಡಿ ಉದುರುತ್ತದೆ. ಹೊಸ ಬಾಡಿ ಹರಿಯಾಣದ ಮಂಡಿ ಡಬ್‌ವಾಲಿಯಂಥ ಕಡೆ ಸಿಗುತ್ತದೆ ನಿಜ, ಆದರೆ ಟಿಂಕರಿಂಗ್ ಮಾಡಿಸಿ ಹಳೆಯದನ್ನೇ ಉಳಿಸಲು ಸಾಧ್ಯವಿದ್ದರೆ ಅದನ್ನೇ ಉಳಿಸಿ. ಚಾಸಿಸ್ ಸಂಖ್ಯೆಯನ್ನು ಮಾತ್ರ ತುಕ್ಕು ಒರೆಸಿ, ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿಕೊಳ್ಳಿ. ಅದು ಹೊಂದದಿದ್ದರೆ ಗಾಡಿ ಎಷ್ಟೇ ಚೆನ್ನಾಗಿರಲಿ, ಎದ್ದು ಬನ್ನಿ.

ಮಾರುವಾಗ ಎಂಎಂ 540 ಬೇಗ ಹೋಗುತ್ತದೆ, ತೋಟವಿರುವ ರೈತರೇ ಕೇಳಿಕೊಂಡು ಬರುತ್ತಾರೆ. ಮೂಲ ಎಂಜಿನ್ನಿನ ಹೈ ಬಾನೆಟ್ಟಿಗೆ ಗಿರಾಕಿ ನಿಧಾನವಾಗಿ ಬಂದರೂ ಬೆಲೆ ತಿಳಿದವನೇ ಬರುತ್ತಾನೆ. ಎಂಜಿನ್ ಬದಲಾದದ್ದನ್ನು ಬ್ರೋಕರ್ ಅರ್ಧ ಬೆಲೆಗೆ ಕೇಳುತ್ತಾನೆ. ಯಾರಿಗೇ ಕೊಟ್ಟರೂ ಖಾಲಿ ಫಾರಂಗಳಿಗೆ ಸಹಿ ಹಾಕಿ ಕೈಗೆ ಕೊಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ರಲ್ಲಿ ಕೊಳ್ಳುವವರ ಹೆಸರು, ದಿನಾಂಕ ಬರೆಸಿ, ಅವರೊಂದಿಗೆ ಆರ್‌ಟಿಓ ಕಚೇರಿಗೆ ನೀವೇ ಹೋಗಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಆ ಜೀಪು ಎಲ್ಲಿ ಯಾರಿಗೆ ಗುದ್ದಿದರೂ ನೋಟಿಸು ಬರುವುದು ನಿಮ್ಮ ಮನೆಗೆ.