ಮಿಕ್ಕಿ ನೈಟ್ ಎದುರು ಲಾರೆನ್ ಲಾರಾನೊ

ಮೇಜಿನ ಡ್ರಾಯರಿನಲ್ಲಿ ವಿಸ್ಕಿ ಬಾಟಲಿ, ತಿಂಗಳ ಬಾಡಿಗೆಗೂ ಗತಿಯಿಲ್ಲದ ಕಚೇರಿ, ಬಾಗಿಲು ತಳ್ಳಿಕೊಂಡು ಒಳಬರುವ ನಂಬಲಾಗದ ಸುಂದರಿ: ನುವಾರ್ (ಕತ್ತಲು, ಅಪರಾಧ, ಆಸೆಗಳು ಹೆಣೆದುಕೊಂಡ ಕಥಾಪ್ರಕಾರ) ಪತ್ತೇದಾರನ ಈ ಅಚ್ಚು 1930ರ ದಶಕದಲ್ಲೇ ಸಿದ್ಧವಾಗಿತ್ತು. ಆ ಕುರ್ಚಿಯಲ್ಲಿ ಹೆಂಗಸನ್ನು, ಅದೂ ಹೆಂಗಸರನ್ನೇ ಪ್ರೀತಿಸುವವಳನ್ನು ಕೂರಿಸಿದರೆ ಏನು ಬದಲಾಗುತ್ತದೆ ಎಂದು ನೋಡಲು ಈ ಮಳೆಗಾಲದಲ್ಲಿ ಮೂರು ಅಮೆರಿಕನ್ ಸರಣಿಗಳ ಮೊದಲ ಪುಸ್ತಕಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಿದೆ. ಚಿಕ್ಕಮಗಳೂರಿನ ಅಂಗಡಿಗಳಲ್ಲಿ ನನಗೆ ಇವು ಸಿಗಲಿಲ್ಲವಾದ್ದರಿಂದ ಎರಡನ್ನು ಫೋನಿನಲ್ಲಿ ಓದಿದೆ, ಒಂದರ ಹಳೆಯ ಪ್ರತಿಯನ್ನು ತರಿಸಿಕೊಂಡೆ. ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿರುವ ಗೆಳತಿಗೆ ರಾತ್ರಿ ಫೋನಿನಲ್ಲಿ ಕಥೆ ಒಪ್ಪಿಸುತ್ತಿದ್ದುದರಿಂದ, ಕಥೆ ಎಲ್ಲಿ ಸೊರಗುತ್ತದೆ ಎಂಬುದು ಆಕೆಯ ಆಕಳಿಕೆಯಲ್ಲೇ ತಿಳಿಯುತ್ತಿತ್ತು.

ಕ್ಯಾಥರಿನ್ ವಿ. ಫಾರೆಸ್ಟ್ ಅವರ 'ಅಮೆಚೂರ್ ಸಿಟಿ' (1984) ಇವುಗಳಲ್ಲಿ ಹಳೆಯದು. ಅದರ ನಾಯಕಿ ಕೇಟ್ ಡೆಲಾಫೀಲ್ಡ್ ಖಾಸಗಿ ಪತ್ತೇದಾರಿಯಲ್ಲ, ಲಾಸ್ ಏಂಜಲೀಸಿನ ಪೊಲೀಸ್ ಅಧಿಕಾರಿ. ಸಂಗಾತಿಯನ್ನು ಕಳೆದುಕೊಂಡ ದುಃಖವನ್ನು ಇಲಾಖೆಯಲ್ಲಿ ಯಾರೆದುರೂ ತೋಡಿಕೊಳ್ಳಲಾರದ ಅವಳ ಬಿಗಿತ ಮನಸ್ಸಿಗೆ ತಟ್ಟುತ್ತದೆ. ಕಚೇರಿಯೊಂದರಲ್ಲಿ ನಡೆದ ಕೊಲೆಯ ತನಿಖೆಯೂ ಅಚ್ಚುಕಟ್ಟಾಗಿದೆ. ಆದರೆ ನನಗೆ ಬೇಕಿದ್ದ ಅತಿರೇಕ ಇಲ್ಲಿಲ್ಲ, ಆದ್ದರಿಂದ ನಿಜವಾದ ಪೈಪೋಟಿ ಉಳಿದಿಬ್ಬರ ನಡುವೆಯೇ.

ಸ್ಯಾಂಡ್ರಾ ಸ್ಕೊಪೆಟೋನ್ ಅವರ ಲಾರೆನ್ ಲಾರಾನೊ 1991ರಲ್ಲಿ 'ಎವ್ರಿಥಿಂಗ್ ಯು ಹ್ಯಾವ್ ಈಸ್ ಮೈನ್' ಕಾದಂಬರಿಯೊಂದಿಗೆ ಬಂದವಳು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಅವಳ ವಾಸ. ಮನೋಚಿಕಿತ್ಸಕಿ ಕಿಪ್ ಜೊತೆ ಬಹುಕಾಲದ ಸಂಸಾರ. ವಿಸ್ಕಿಗಿಂತ ಚಾಕೊಲೇಟಿನ ಮೇಲೆ ಹೆಚ್ಚು ಮೋಹ. ಮಾತು ಚುರುಕು, ಹಾಸ್ಯಕ್ಕೆ ಕೊರತೆಯಿಲ್ಲ. ಪತ್ತೇದಾರ ಪುರುಷೋತ್ತಮನನ್ನು ಎನ್. ನರಸಿಂಹಯ್ಯನವರ ಪುಸ್ತಕಗಳಲ್ಲಿ ಓದಿ ಬೆಳೆದ ನನಗೆ, ಪತ್ತೇದಾರಿಯೊಬ್ಬಳು ಕೇಸಿನ ನಡುವೆ ಮನೆಗೆ ಬಂದು ಸಂಗಾತಿಯೊಡನೆ ಸಣ್ಣಪುಟ್ಟ ವಿಷಯಕ್ಕೆ ವಾದಿಸುವುದು ಹೊಸದಾಗಿ ಕಂಡಿತು, ಹಿತವೂ ಆಯಿತು. ಇಬ್ಬರು ಹೆಂಗಸರ ದಾಂಪತ್ಯವನ್ನು ಗುಟ್ಟೆಂದಾಗಲಿ ದುರಂತವೆಂದಾಗಲಿ ಚಿತ್ರಿಸದಿರುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಮನೆಯಲ್ಲಿ ನೆಮ್ಮದಿಯಿರುವ ಪತ್ತೇದಾರಿಗೆ ಕಕ್ಷಿಗಾರ್ತಿಯ ಕಣ್ಣೋಟದಿಂದ ಅಪಾಯವಿಲ್ಲ, ಅಪಾಯವಿಲ್ಲದ ಕಡೆ ನುವಾರಿನ ಬಿಸಿ ಏರುವುದಿಲ್ಲ.

ಜೆ. ಎಂ. ರೆಡ್‌ಮನ್ ಅವರ ಮಿಕ್ಕಿ ನೈಟ್ ಇದಕ್ಕೆ ತದ್ವಿರುದ್ಧ. 'ಡೆತ್ ಬೈ ದಿ ರಿವರ್‌ಸೈಡ್' (1990) ನ್ಯೂ ಆರ್ಲಿಯನ್ಸಿನ ಕಥೆ. ಮಿಕ್ಕಿ ವಿಪರೀತ ಕುಡಿಯುತ್ತಾಳೆ, ಯಾರ ಹಾಸಿಗೆಯಲ್ಲೂ ನಿಲ್ಲುವವಳಲ್ಲ, ಬಾಲ್ಯದ ಗಾಯವನ್ನು ಚುಚ್ಚುಮಾತಿನ ಹಿಂದೆ ಮುಚ್ಚಿಡುತ್ತಾಳೆ. ಪ್ರಕರಣದ ಸುಳಿಯೊಳಗೇ ಇರುವ ವೈದ್ಯೆ ಕಾರ್ಡೀಲಿಯಾ ಜೇಮ್ಸ್‌ಳತ್ತ ಅವಳು ಸೆಳೆಯಲ್ಪಟ್ಟ ಗಳಿಗೆಯಿಂದ ತನಿಖೆ ಮತ್ತು ಬಯಕೆ ಒಂದರ ಕಾಲಿಗೆ ಇನ್ನೊಂದು ತೊಡರುತ್ತವೆ. "ಇವಳು ಕೇಸು ಹಿಡೀತಾಳೋ, ಆ ಡಾಕ್ಟ್ರ ಹಿಂದೆ ಹೋಗ್ತಾಳೋ, ಮೊದ್ಲು ಅದನ್ನ ಹೇಳೇ" ಎಂದು ಗೆಳತಿ ಗದರಿದ್ದು ಇದೊಂದೇ ಪುಸ್ತಕಕ್ಕೆ. ಇಲ್ಲಿನ ಶೃಂಗಾರ ಕಥೆಗೆ ಅಂಟಿಸಿದ ಅಲಂಕಾರವಲ್ಲ. ಒಬ್ಬರನ್ನು ಹತ್ತಿರ ಬಿಟ್ಟುಕೊಳ್ಳುವುದೆಂದರೆ ತನ್ನ ಗುಟ್ಟನ್ನೂ ಬಿಟ್ಟುಕೊಡುವುದು ಎಂಬ ಮಿಕ್ಕಿಯ ಭಯ ಅದರ ಬೆನ್ನಿಗೇ ಇರುತ್ತದೆ. ಊರೂ ಪಾತ್ರದಂತೆಯೇ ಬೆಳೆಯುತ್ತದೆ: ಮುಂದಿನ ಪುಸ್ತಕಗಳಲ್ಲಿ 2005ರ ಕಟ್ರಿನಾ ಚಂಡಮಾರುತ ಕಥೆಯೊಳಗೇ ನುಗ್ಗುತ್ತದೆ. (ಅಲ್ಲಿಯದು ಬೆವರಿಳಿಸುವ ತೇವ, ನಮ್ಮ ಮಲೆನಾಡಿನದು ಕಂಬಳಿಗೆ ಮುಗ್ಗಲು ಹಿಡಿಸುವ ತೇವ, ಓದಲು ಎರಡೂ ಅನುಕೂಲವೇ.)

ರೆಡ್‌ಮನ್ ಅವರ ಹೊಡೆದಾಟಗಳು ಕೆಲವೊಮ್ಮೆ ಅತಿಯಾಗುತ್ತವೆ, ಸುಳಿವು ಜೋಡಿಸುವುದರಲ್ಲಿ ಫಾರೆಸ್ಟ್ ಅವರ ಶಿಸ್ತೂ ಇಲ್ಲ. ಆದರೂ ನನ್ನ ಆಯ್ಕೆ ಮಿಕ್ಕಿಯೇ. ಈ ಸರಣಿಯನ್ನು ಮೊದಲ ಪುಸ್ತಕದಿಂದಲೇ ಹಿಡಿಯುವುದು ಒಳಿತು. 1995ರ 'ದಿ ಇಂಟರ್‌ಸೆಕ್ಷನ್ ಆಫ್ ಲಾ ಅಂಡ್ ಡಿಸೈರ್' ಬರವಣಿಗೆಯಲ್ಲಿ ಹೆಚ್ಚು ಪಳಗಿದ್ದಾದರೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಅದು ನೇರವಾಗಿ ಎದುರಿಸುವುದರಿಂದ, ಬೆಚ್ಚಗೆ ಹೊದ್ದು ಓದುವ ರಸಕಥೆಯೆಂದು ಎಣಿಸಿ ಅದನ್ನು ಎತ್ತಿಕೊಳ್ಳಬಾರದು.