ಹಸಿ ಟೊಮೆಟೊ ಸ್ಟಾರ್ಟರ್‌ಗೆ ಗರಗಸದ ಹಲ್ಲಿನ ಚಾಕು: ಕೊಳ್ಳುವ ಮುನ್ನ ನೋಡಬೇಕಾದ್ದು

ಟೊಮೆಟೊ ಬಿಲ್ಲೆ, ಮೇಲೆ ಉಪ್ಪು, ಕರಿಮೆಣಸು, ಒಂದಿಷ್ಟು ಆಲಿವ್ ಎಣ್ಣೆ. ಅತಿಥಿಗಳ ಮುಂದಿಡುವ ಈ ತಟ್ಟೆಗೆ ಒಲೆ ಹಚ್ಚಬೇಕಿಲ್ಲ, ತಪ್ಪು ಮುಚ್ಚಲು ಮಸಾಲೆಯೂ ಇಲ್ಲ. ಹಣ್ಣು ಚೆನ್ನಾಗಿದ್ದರೆ ಉಳಿದದ್ದೆಲ್ಲ ಹೆಚ್ಚುವುದರಲ್ಲೇ ಇದೆ. ಅದಕ್ಕೆಂದೇ ಸಿಗುವ ಗರಗಸದ ಹಲ್ಲಿನ ಸಣ್ಣ ಚಾಕು ಈ ಒಂದು ಕೆಲಸವನ್ನು ನಿಜಕ್ಕೂ ಸೊಗಸಾಗಿ ಮಾಡುತ್ತದೆ.

ಟೊಮೆಟೊ ಸಿಪ್ಪೆ ಗಟ್ಟಿ, ಮೇಲೆ ಮೇಣದಂಥ ನುಣುಪು ಪದರ. ಒಳಗೆ ಬರೀ ಮೆತ್ತಗೆ. ಸ್ವಲ್ಪ ಮೊಂಡಾದ ಸಾದಾ ಚಾಕು ಸಿಪ್ಪೆಯ ಮೇಲೆ ಜಾರುತ್ತದೆ, ಒತ್ತಿದರೆ ಸಿಪ್ಪೆ ಹರಿಯುವ ಮೊದಲೇ ತಿರುಳು ಜಜ್ಜಿ ಬೀಜದ ರಸ ಮಣೆಯ ಮೇಲೆ ಹರಿದುಹೋಗುತ್ತದೆ. ಆ ರಸದಲ್ಲೇ ರುಚಿಯ ದೊಡ್ಡ ಪಾಲು ಇರುವುದು. ಗರಗಸದ ಹಲ್ಲಿನ ಚೂಪು ತುದಿಗಳು ಮೊದಲು ಸಿಪ್ಪೆಗೆ ಚುಚ್ಚಿ ಹಿಡಿಯುತ್ತವೆ, ಒತ್ತಡವೇ ಬೇಡ. ಚಾಕುವಿನ ಭಾರವಷ್ಟೇ ಬಿಟ್ಟು, ಅಲಗಿನ ಪೂರ್ತಿ ಉದ್ದಕ್ಕೂ ಹಿಂದೆ ಮುಂದೆ ಎಳೆದರೆ ಸಾಕು. ಚಿಕ್ಕ ಚಿಕ್ಕದಾಗಿ ಗೀರಿದರೆ ಬಿಲ್ಲೆಯ ಮೈ ತರಿತರಿಯಾಗುತ್ತದೆ.

ಕೊಳ್ಳುವಾಗ ಹಲ್ಲನ್ನೇ ಮೊದಲು ನೋಡಿ. ಸಣ್ಣ, ಒತ್ತೊತ್ತಾದ ಹಲ್ಲು ಬೇಕು. ಬ್ರೆಡ್ ಚಾಕುವಿನಂಥ ದೊಡ್ಡ ಹಲ್ಲು ತಿರುಳನ್ನು ಕೀಳುತ್ತದೆ. ಅಲಗು ತೆಳ್ಳಗಿರಲಿ. ಅದರ ಉದ್ದ ಹಣ್ಣಿನ ಅಗಲಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಿರಬೇಕು, ಹಾಗಾಗಿ 12–13 ಸೆಂ.ಮೀ. ಹೆಚ್ಚಿನ ಹಣ್ಣುಗಳಿಗೆ ಸಾಕು. 10 ಸೆಂ.ಮೀ. ಅಲಗು ದಪ್ಪ ಹಣ್ಣಿನಲ್ಲಿ ಮುಳುಗಿ, ಎಳೆಯಲು ಜಾಗವೇ ಉಳಿಯುವುದಿಲ್ಲ. ಕೆಲವದರಲ್ಲಿ ತುದಿ ಕವಲೊಡೆದಿರುತ್ತದೆ. ಬಿಲ್ಲೆಯನ್ನು ಚುಚ್ಚಿ ತಟ್ಟೆಗಿಡಲು ಅನುಕೂಲ, ಇಲ್ಲದಿದ್ದರೂ ನಷ್ಟವಿಲ್ಲ. ಇನ್ನೊಂದು ಸಂಗತಿ: ಹಲವು ಚಾಕುಗಳಿಗೆ ಒಂದೇ ಬದಿಯಿಂದ ಹಲ್ಲು ಕಡೆದಿರುತ್ತಾರೆ. ಅಂಥವು ನೇರ ಇಳಿಯದೆ ಒಂದು ಕಡೆಗೆ ಓರೆಯಾಗಿ, ಬಿಲ್ಲೆ ಒಂದೆಡೆ ತೆಳು, ಒಂದೆಡೆ ದಪ್ಪವಾಗುತ್ತದೆ. ಮಣಿಕಟ್ಟನ್ನು ಎದುರು ದಿಕ್ಕಿಗೆ ತುಸು ವಾಲಿಸಿದರೆ ಸರಿಹೋಗುತ್ತದೆ.

ನಾಲ್ಕು ಜನರಿಗೆ ಅರ್ಧ ಕಿಲೋ ಹಣ್ಣು ಸಾಕು, ಫ್ರಿಜ್‌ನಲ್ಲಿಡದ್ದು. ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಚಾಕುವಿನ ತುದಿಯನ್ನು ಓರೆಯಾಗಿ ಇಳಿಸಿ ತೊಟ್ಟಿನ ಗಟ್ಟಿ ಭಾಗ ತೆಗೆದು, ಹಣ್ಣನ್ನು ಅಡ್ಡಕ್ಕೆ 6 ಮಿ.ಮೀ. ದಪ್ಪಕ್ಕೆ ಹೆಚ್ಚಿ. ಅಡ್ಡ ಹೆಚ್ಚಿದರೆ ಬೀಜದ ಕೋಣೆಗಳ ನಡುವಿನ ಗೋಡೆ ಬಿಲ್ಲೆಯನ್ನು ಹಿಡಿದಿಡುತ್ತದೆ. 4 ಮಿ.ಮೀ.ಗಿಂತ ತೆಳುವಾದರೆ ಎತ್ತುವಾಗಲೇ ಹರಿಯುತ್ತದೆ. ಅರ್ಧ ಟೀ ಚಮಚ ಉಪ್ಪನ್ನು ಬಡಿಸುವ 10 ನಿಮಿಷ ಮೊದಲು ಉದುರಿಸಿ, ಬಿಟ್ಟ ರಸವನ್ನು ಒಂದು ಟೇಬಲ್ ಚಮಚ ಎಣ್ಣೆಗೆ ಕಲಸಿ ಮತ್ತೆ ಮೇಲೆ ಸುರಿಯಿರಿ. ಒಂದು ಗಂಟೆ ಮೊದಲೇ ಉಪ್ಪು ಹಾಕಿಟ್ಟರೆ ತಟ್ಟೆಯ ತುಂಬ ನೀರು, ಬಿಲ್ಲೆ ಬಾಡಿದಂತೆ. ಸುಟ್ಟ ಬ್ರೆಡ್ ಮೇಲೆ ಇಡುವುದಾದರೆ ಕೊನೆಯ ಗಳಿಗೆಯಲ್ಲಿಡಿ.

ಈ ಚಾಕು ಸೋಲುವ ಜಾಗಗಳೂ ಇವೆ. ಬೇಸಿಲ್ ಎಲೆಯನ್ನು ಇದರಲ್ಲಿ ಹೆಚ್ಚಬೇಡಿ: ಹಲ್ಲು ಎಲೆಯನ್ನು ಹರಿದು ಜಜ್ಜುತ್ತದೆ, ಅಂಚು ಬೇಗ ಕಪ್ಪಾಗುತ್ತದೆ. ಕೈಯಲ್ಲಿ ಮುರಿದು ಹಾಕುವುದೇ ಮೇಲು. ಎರಡು ತಟ್ಟೆಗಳ ನಡುವೆ ಚೆರ್ರಿ ಟೊಮೆಟೊಗಳನ್ನಿಟ್ಟು ಒಟ್ಟಿಗೆ ಸೀಳಲು ಇಷ್ಟು ಉದ್ದ ಸಾಲದು, ಅದಕ್ಕೆ 20 ಸೆಂ.ಮೀ. ಅಲಗೇ ಬೇಕು. ಮಾಮೂಲಿ ಸಾಣೆಕಲ್ಲಿಗೆ ಇದು ಒಗ್ಗುವುದಿಲ್ಲ. ಒಂದೊಂದೇ ಹಲ್ಲಿನ ಸಂದಿಗೆ ತೆಳು ಸಾಣೆಕಡ್ಡಿ ಆಡಿಸಬೇಕು. ಹಾಗಾಗಿ ಗಾಜಿನ ಹಲಗೆ, ಸ್ಟೀಲ್ ತಟ್ಟೆಗಳ ಮೇಲೆ ಇದನ್ನು ಬಳಸಲೇಬೇಡಿ. ಮರದ ಮಣೆ ಸರಿ, ಪ್ಲಾಸ್ಟಿಕ್ಕಾದರೂ ಆದೀತು.