ತೆರೆದ ಪ್ಲಾಟ್‌ಫಾರ್ಮಿನಲ್ಲಿ ಧೂಮಪಾನ ನಿಷೇಧ: ಸೀಸನ್ ಟಿಕೆಟಿನವಳ ವಿಮರ್ಶೆ

"ಓಪನ್ ಜಾಗ ಅಲ್ವಾ ಮಾರಾಯ್ರೆ, ಗಾಳಿಗೆ ಹೋಗ್ತದೆ." ಪ್ಲಾಟ್‌ಫಾರ್ಮಿನಲ್ಲಿ ಸಿಗರೇಟು ಆರಿಸಿ ಎಂದರೆ ಹೆಚ್ಚಾಗಿ ಸಿಗುವ ಉತ್ತರ ಇದೇ. ಮಂಗಳೂರು–ಕಾಸರಗೋಡು ಲೈನಿನಲ್ಲಿ ಕೆಲಸಕ್ಕೆಂದು ವರ್ಷಗಳಿಂದ ಓಡಾಡುತ್ತಿರುವ ನಾನು ನಿಷೇಧಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ, ಅದರ ಪಾಲನೆಗೆ ಎರಡು.

ಓಪನ್ ಜಾಗ ಎಂಬ ವಾದ ಕಾನೂನಿನಲ್ಲಿ ಈಗ ನಿಲ್ಲುವುದಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾ, ತೆರೆದ ಜಾಗವನ್ನು ನಿಷೇಧದಿಂದ ಹೊರಗಿಟ್ಟಿತ್ತು ನಿಜ. ಆದರೆ 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಆ ಸಂದನ್ನು ಮುಚ್ಚಿದವು. ರೈಲು ನಿಲ್ದಾಣ, ಬಸ್ ನಿಲ್ದಾಣ, ಸ್ಟೇಡಿಯಂಗಳನ್ನು ತೆರೆದ ಜಾಗದ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ ಎಂದು ಅವು ಹೇಳುತ್ತವೆ. ಮಾಡು ಇರಲಿ, ಇಲ್ಲದಿರಲಿ, ಪ್ಲಾಟ್‌ಫಾರ್ಮ್ ಸಾರ್ವಜನಿಕ ಸ್ಥಳವೇ. ನಮ್ಮ ರೈಲು ಉಳ್ಳಾಲ ದಾಟಿ ಹೋಗುವ ಕೇರಳದಲ್ಲಂತೂ 1999ರಲ್ಲೇ ಹೈಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಿತ್ತು.

ಗಾಳಿಗೆ ಹೋಗ್ತದೆ ಎನ್ನುವವರು ಆಟಿ ತಿಂಗಳ ಮಳೆಯಲ್ಲಿ ಒಂದು ಸಣ್ಣ ನಿಲ್ದಾಣದಲ್ಲಿ ನಿಂತು ನೋಡಬೇಕು. ಪ್ಲಾಟ್‌ಫಾರ್ಮ್ ಉದ್ದ ಎಷ್ಟೇ ಇರಲಿ, ಶೀಟಿನ ಮಾಡು ಇರುವುದು ನಡುವಿನ ಸ್ವಲ್ಪ ಜಾಗಕ್ಕೆ. ಜಡಿಮಳೆ ಹಿಡಿದರೆ ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೊರಟವರು, ಮೀನಿನ ಬುಟ್ಟಿಯವರು ಎಲ್ಲರೂ ಅದರಡಿಯಲ್ಲೇ ಒತ್ತೊತ್ತಾಗಿ ನಿಲ್ಲಬೇಕು. ಸಿಗರೇಟು ಹಚ್ಚುವವರೂ ಅಲ್ಲಿಗೇ ಬರುತ್ತಾರೆ. ಹೊಗೆ ಮೇಲೆ ಹೋಗದೆ ತಲೆಗಳ ಮಟ್ಟದಲ್ಲೇ ಸುತ್ತುತ್ತದೆ. ಕಳೆದ ಮಳೆಗಾಲ ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಉಬ್ಬಸವಿರುವ ಮಗನ ಮೂಗಿಗೆ ಸೆರಗು ಒತ್ತಿ ಹಿಡಿದು, ಕೊನೆಗೆ ಕೊಡೆ ಬಿಡಿಸಿ ಅವನನ್ನು ಮಳೆಗೇ ಕರೆದುಕೊಂಡು ಹೋದರು. ಹೊಗೆ ಬಿಡುವವರು ಮಾಡಿನಡಿ, ಮಗು ಮಳೆಯಲ್ಲಿ. ನನಗೆ ಅದು ಇವತ್ತಿಗೂ ಸಿಟ್ಟು ತರಿಸುತ್ತದೆ.

ದಂಡ ಹಾಕುವ ಅಧಿಕಾರ ಯಾರಿಗೂ ಇಲ್ಲ ಎಂದಲ್ಲ. ಸ್ಟೇಷನ್ ಮಾಸ್ಟರಿಗೇ ಇದೆ. ಧೂಮಪಾನ ನಿಷೇಧದ ಬೋರ್ಡಿನ ಅಳತೆ ಕನಿಷ್ಠ 60 ಸೆಂಟಿಮೀಟರಿಗೆ 30 ಸೆಂಟಿಮೀಟರ್ ಇರಬೇಕು, ದೂರು ಯಾರಿಗೆ ಕೊಡಬೇಕೆಂದು ಅಲ್ಲಿ ಕಾಣಿಸಬೇಕು ಎಂದೂ ನಿಯಮವಿದೆ. ಆ ನಿಲ್ದಾಣದ ಬೋರ್ಡಿನಲ್ಲಿ ಹೆಸರಿನ ಜಾಗ ಖಾಲಿ. ಹೋಗಿ ಹೇಳಿದರೆ "ಹೇಳ್ತೇವೆ, ನೀವು ಹೋಗಿ" ಎಂಬ ಉತ್ತರ. ದಂಡದ ಮಿತಿ 200 ರೂಪಾಯಿ ಇದ್ದದ್ದನ್ನು ಕರ್ನಾಟಕ ತನ್ನ ತಿದ್ದುಪಡಿಯಲ್ಲಿ 1,000ಕ್ಕೆ ಏರಿಸಿದೆ. ಒಳ್ಳೆಯದೇ, ಆದರೆ ರಸೀದಿ ಪುಸ್ತಕ ಡ್ರಾಯರಿನಿಂದ ಹೊರಗೆ ಬರದಿದ್ದರೆ ಮೊತ್ತ ಎಷ್ಟಾದರೇನು?

ಬದಲಾವಣೆ ಆಗಿಲ್ಲವೇ ಎಂದರೆ ಆಗಿದೆ. ಬೋಗಿಯೊಳಗೆ ಬೀಡಿ ಹಚ್ಚುವವರು ನಾನು ಓಡಾಡುವ ರೈಲುಗಳಲ್ಲಿ ಈಗ ಕಾಣುವುದೇ ಇಲ್ಲ. ರೈಲ್ವೆ ರಕ್ಷಣಾ ಪಡೆಯವರು, ಅಂದರೆ ಆರ್‌ಪಿಎಫ್‌ನವರು, ಒಂದು ಸುತ್ತು ಬಂದ ದಿನ ಪ್ಲಾಟ್‌ಫಾರ್ಮೂ ಚೊಕ್ಕ. ದಂಡ ಹಾಕುವುದೂ ಬೇಡ, ಯೂನಿಫಾರ್ಮ್ ಕಂಡರೆ ಸಾಕು.

ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರ ಜಿಲ್ಲೆ ನಮ್ಮದು. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ದುಡ್ಡಿನಲ್ಲೇ ನನ್ನ ಚಿಕ್ಕಮ್ಮ ಮಕ್ಕಳಿಗೆ ಫೀಸು ಕಟ್ಟಿದ್ದು. ಅವರ ದುಡಿಮೆಯ ಮೇಲೆ ನನಗೆ ಗೌರವವಿದೆ. ನಾನು ಕೇಳುತ್ತಿರುವುದು ರೈಲಿಗೆ ಕಾಯುವ ಹೊತ್ತಿನಲ್ಲಿ ಬೇರೆಯವರ ಹೊಗೆ ನುಂಗದೆ ನಿಲ್ಲುವ ಜಾಗ, ಅಷ್ಟೇ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸೇದುವವರಿಗೆಂದೇ ಮೂಲೆಯೊಂದನ್ನು ಬಿಟ್ಟುಕೊಡಿ ಎಂದು ಸಹಪ್ರಯಾಣಿಕರು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಲೇಡೀಸ್ ಬೋಗಿ ಹಲವು ಸಲ ತುದಿಯಲ್ಲೇ ನಿಲ್ಲುತ್ತದೆ, ನಾವು ಕಾಯುವುದೂ ಅಲ್ಲೇ. ಸೇದಿ ಬಿಸಾಡಿದ ತುಂಡುಗಳೂ ಹಳಿಯ ಜಲ್ಲಿಕಲ್ಲಿನ ನಡುವೆ ಉಳಿಯುತ್ತವೆ. ಫಿಲ್ಟರ್ ಒಂದು ಬಗೆಯ ಪ್ಲಾಸ್ಟಿಕ್, ಹತ್ತಿಯಂತೆ ಬೇಗ ಕೊಳೆಯುವುದಿಲ್ಲ.

ಹೊಸದಾಗಿ ಪಾಸ್ ಮಾಡಿಸಿದವರಿಗೆ ಹೇಳುವುದಿಷ್ಟು: ಸೇದುವವರ ಜತೆ ಜಗಳಕ್ಕೆ ಇಳಿಯಬೇಡಿ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಅಥವಾ ರೈಲ್ವೆಯ ದೂರಿನ ಆ್ಯಪ್ ರೈಲ್ ಮದದ್‌ನಲ್ಲಿ ದೂರು ಹಾಕಿ. ನಿಲ್ದಾಣದ ಹೆಸರು, ಪ್ಲಾಟ್‌ಫಾರ್ಮ್ ಸಂಖ್ಯೆ, ಸಮಯ ಬರೆದು, ದೂರಿನ ನಂಬರನ್ನು ಇಟ್ಟುಕೊಳ್ಳಿ. ಒಬ್ಬರೇ ಹಾಕುವ ಬದಲು ಆ ರೈಲಿಗೆ ಕಾಯುವ ನಾಲ್ಕೈದು ಮಂದಿ ಸೇರಿ ಹಾಕಿ.